ಕೋಟೆ, ಹೊಳೆ, ಎರೆ ಹೊಲ: ಮಂತ್ರಾಲಯದ ದಾರಿಯಲ್ಲಿ ನೋಡದೇ ಬಿಟ್ಟ ನಾಡು

ಗುಂಟಕಲ್ ಬಿಟ್ಟ ರೈಲು ರಾಯಚೂರಿನ ಕಡೆಗೆ ಓಡುತ್ತಿರುತ್ತದೆ. ಆಗಷ್ಟೇ ಬೆಳಕು ಹರಿಯುತ್ತಿದೆ. ಬರ್ತ್‌ಗಳಿಂದ ಇಳಿದವರು ಹೊದಿಕೆ ಮಡಚುತ್ತಿದ್ದಾರೆ, ಮಕ್ಕಳಿಗೆ ಮುಖ ತೊಳೆಸುತ್ತಿದ್ದಾರೆ, ಮಡಿ ಪಂಚೆಯನ್ನು ಚೀಲದ ಮೇಲ್ಭಾಗಕ್ಕೆ ತಂದು ಇಟ್ಟುಕೊಳ್ಳುತ್ತಿದ್ದಾರೆ. ಕಿಟಕಿಯಾಚೆ ಸಪಾಟು ನೆಲದ ನಡುವೆ ಒಮ್ಮೆಗೇ ಗುಂಡುಕಲ್ಲುಗಳ ಗುಡ್ಡಗಳು ಏಳುತ್ತವೆ. ನಿಲ್ದಾಣದ ಫಲಕದಲ್ಲಿ ಆದೋನಿ ಎಂದಿರುತ್ತದೆ. ಚಹಾ ಮಾರುವವನ ಕೂಗು ಮುಗಿಯುವಷ್ಟರಲ್ಲಿ ರೈಲು ಹೊರಡುತ್ತದೆ. ಇಳಿಯುವವರು ಕಡಿಮೆ. ಕರ್ನಾಟಕದ ಯಾತ್ರಿಕರು ಇಳಿಯುವುದು ಮುಂದೆ, ಮಂತ್ರಾಲಯ ರೋಡ್ ನಿಲ್ದಾಣದಲ್ಲಿ.

ಅಲ್ಲಿಂದ ಮಂತ್ರಾಲಯಕ್ಕೆ ಸುಮಾರು 16 ಕಿ.ಮೀ. ತುಂಗಭದ್ರೆಯಲ್ಲಿ ಸ್ನಾನ, ಗ್ರಾಮದೇವತೆ ಮಂಚಾಲಮ್ಮನ ದರ್ಶನ, ರಾಘವೇಂದ್ರ ರಾಯರ ಬೃಂದಾವನಕ್ಕೆ ಪ್ರದಕ್ಷಿಣೆ, ಮಠದಲ್ಲಿ ಪ್ರಸಾದ. ಸಂಜೆಗೆ ಮತ್ತೆ ಬಸ್ಸು ಇಲ್ಲವೇ ರೈಲು. ಕರ್ನಾಟಕದ ಅದೆಷ್ಟೋ ಮನೆಗಳಲ್ಲಿ ಮೂರು ತಲೆಮಾರಿನಿಂದ ಈ ಯಾತ್ರೆ ಹೀಗೆಯೇ ನಡೆದಿದೆ.

ದಾರಿಯಲ್ಲಿ ಕಂಡ ಆ ಗುಡ್ಡಗಳ ಮೇಲೆ ವಿಜಯನಗರದ ಅರಸರು ತಮ್ಮ ಕೊನೆಯ ಆಸರೆ ಎಂದು ನಂಬಿದ್ದ ಕೋಟೆ ಇದೆ. ಅದರ ಸುತ್ತ ಹತ್ತಿ ಬೆಳೆಯುವ ಕಪ್ಪು ನೆಲವಿದೆ, ಎರಡು ಸಾವಿರ ವರ್ಷ ಹಿಂದಿನ ಅಶೋಕನ ಶಾಸನವಿದೆ, ಮಗ್ಗದ ಊರಿದೆ, ಕನ್ನಡ ಮಾತಾಡುವ ಹಳ್ಳಿಗಳಿವೆ. ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗವಾದ ಈ ಸೀಮೆಯನ್ನು ನಾವು ಅರೆಬರೆ ಬಲ್ಲೆವು. ಅದನ್ನು ಇಡಿಯಾಗಿ ನೋಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಸ್ಕಾಟ್ಲೆಂಡ್ ಕಲಿಸುವ ಪಾಠ

ಪ್ರವಾಸಿಗೆ ಒಂದು ಸೀಮೆಯನ್ನು ಇಡಿಯಾಗಿ ತೋರಿಸುವುದರಲ್ಲಿ ಸ್ಕಾಟ್ಲೆಂಡಿನವರು ನಿಪುಣರು. ಅದರ ಈಶಾನ್ಯದ ಅಬರ್ಡೀನ್‌ಶೈರ್ ಪ್ರಾಂತ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ ಕೋಟೆಗಳಿವೆ, ಉತ್ತರ ಸಮುದ್ರದ ದಂಡೆಯಿದೆ, ಹೊಲ-ಗುಡ್ಡಗಳ ಹಳ್ಳಿಗಾಡಿದೆ. ಈ ಮೂರನ್ನೂ ಒಂದೇ ದಾರಿಯಲ್ಲಿ ಪೋಣಿಸಿದ್ದಾರೆ. ಕೋಟೆಗಳ ನಡುವೆ ಗುರುತಿನ ಫಲಕಗಳನ್ನು ನೆಟ್ಟು ಅದನ್ನು ಕೋಟೆ ಹಾದಿ ಎಂದೇ ಕರೆದಿದ್ದಾರೆ. ಕೋಟೆ ನೋಡಲು ಬಂದವರು ಮೀನುಗಾರರ ಊರಿನಲ್ಲಿ ಉಣ್ಣುತ್ತಾರೆ, ಹಳ್ಳಿಯ ಮನೆಯಲ್ಲಿ ಮಲಗುತ್ತಾರೆ, ಮರುದಿನ ಗುಡ್ಡ ಹತ್ತುತ್ತಾರೆ.

ಇದರ ಹಿಂದೆ ಹಳೆಯ ದುಡಿಮೆಯಿದೆ. ಕೋಟೆ, ಮನೆ, ತೋಟಗಳನ್ನು ಕಾಪಾಡಲೆಂದು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ 1931ರಲ್ಲೇ ಹುಟ್ಟಿತು. 2003ರ ಭೂಸುಧಾರಣಾ ಕಾಯ್ದೆ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗಾದರೂ ಗುಡ್ಡ, ಕಾಡು, ನದಿ ದಂಡೆಗಳಲ್ಲಿ ನಡೆಯುವ ಹಕ್ಕು ಕೊಟ್ಟಿತು. ಕೋಟೆ ಕಾಯುವವರು, ದಾರಿ ತೋರುವವರು, ಊಟ ಹಾಕುವವರು ಎಲ್ಲರಲ್ಲೂ ಆ ಊರಿನವರಿದ್ದಾರೆ.

ಅಲ್ಲಿನ ಕೋಟೆಗಳು ನಮ್ಮವಕ್ಕಿಂತ ದೊಡ್ಡವಲ್ಲ. ಅವುಗಳ ಆಕರ್ಷಣೆ ಇರುವುದು ಪ್ರತಿ ಕಲ್ಲಿಗೂ ಒಂದು ಕತೆ ಕಟ್ಟಿಕೊಟ್ಟಿರುವುದರಲ್ಲಿ. ಕಡಲಿನ ಬಂಡೆಯ ಮೇಲಿರುವ ಡನಾಟರ್ ಕೋಟೆಯಲ್ಲಿ 1651–52ರಲ್ಲಿ ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಸೈನ್ಯದಿಂದ ಸ್ಕಾಟ್ಲೆಂಡಿನ ಕಿರೀಟವನ್ನು ಬಚ್ಚಿಟ್ಟಿದ್ದರು. ಮುತ್ತಿಗೆಯ ನಡುವೆಯೇ ಅದನ್ನು ಹೊರಗೆ ಸಾಗಿಸಿ ಹತ್ತಿರದ ಕಿನೆಫ್ ಊರಿನ ಚರ್ಚಿನಲ್ಲಿ ಹೂತರು. ಈ ಒಂದು ಕತೆಗಾಗಿ ಜನ ಸಾವಿರಾರು ಮೈಲಿ ದೂರದಿಂದ ಬರುತ್ತಾರೆ. ಆಪತ್ತಿನಲ್ಲಿ ಅರಸರಿಗೆ ಅಂಥದೇ ಆಸರೆಯಾಗಿದ್ದ ಕೋಟೆ ಆದೋನಿಯದು. ನಾವು ಅದರ ಬುಡದಲ್ಲಿ ರೈಲಿನಲ್ಲಿ ಕೂತು ಹಾದುಹೋಗುತ್ತೇವೆ.

ಐದು ಗುಡ್ಡಗಳ ಕೋಟೆ

ಆದೋನಿ ಕೋಟೆಯನ್ನು ಅರಿಯಲು ಮೊದಲು ಕಲ್ಲನ್ನು ಅರಿಯಬೇಕು. ಇಲ್ಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಹಂಪಿಯ ಬಂಡೆಗಳ ದಾಯಾದಿ. ನೆಲದಾಳದಲ್ಲಿ ಗಟ್ಟಿಯಾದ ಕಲ್ಲು ಮೇಲೆ ಬಂದಾಗ ಸೀಳುಗಳಲ್ಲಿ ನೀರಿಳಿದು, ಮೂಲೆಗಳು ಸವೆದು, ಗುಂಡುಗಳಾಗಿ ಒಂದರ ಮೇಲೊಂದು ಉಳಿದುಕೊಂಡವು. ಸುತ್ತಲಿನ ಮೆತ್ತನೆಯ ಕಲ್ಲು ಕರಗಿ ಬಯಲಾಯಿತು. ಬಯಲಿನಲ್ಲಿ ಬರುವ ಸೈನ್ಯ ಹರದಾರಿ ದೂರದಿಂದಲೇ ಕಾಣುತ್ತದೆ. ಮೇಲೆ ಹತ್ತುವವನಿಗೆ ಬಂಡೆಗಳ ಸಂದಿಯಲ್ಲದೆ ಬೇರೆ ದಾರಿಯಿಲ್ಲ. ಇಂಥ ಜಾಗದಲ್ಲಿ ಕೋಟೆಯ ಅರ್ಧ ಕೆಲಸವನ್ನು ನೆಲವೇ ಮಾಡಿಟ್ಟಿತ್ತು. ಉಳಿದರ್ಧವನ್ನು ಅರಸರು ಗೋಡೆ ಕಟ್ಟಿ ಮುಗಿಸಿದರು.

ಕೋಟೆ ಹರಡಿರುವುದು ಐದು ಗುಡ್ಡಗಳ ಮೇಲೆ. ಅವುಗಳಲ್ಲಿ ಎತ್ತರದವು ಬಾರಾಕಿಲ್ಲ ಮತ್ತು ತಾಳಿಬಂಡ. ಬಯಲಿನಿಂದ ಸುಮಾರು 800 ಅಡಿ. ಬಾರಾಕಿಲ್ಲದ ಅರ್ಧ ದಾರಿಯಲ್ಲಿ ಒಂದು ಕೆರೆಯಿದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಎತ್ತರದಲ್ಲಿ ನಿಲ್ಲುವ ನೀರು ಎಂದರೆ ತಿಂಗಳುಗಟ್ಟಲೆ ಮುತ್ತಿಗೆ ತಡೆಯುವ ಶಕ್ತಿ. ಅರಸರು ಈ ಗುಡ್ಡವನ್ನು ಆರಿಸಿಕೊಂಡದ್ದಕ್ಕೆ ಗೋಡೆಗಿಂತ ದೊಡ್ಡ ಕಾರಣ ಈ ನೀರು. ಅರಸರಿಗಿಂತ ಮೊದಲೇ ಜೈನರು ಈ ಗುಡ್ಡ ಕಂಡಿದ್ದರು. ಬಂಡೆಯಲ್ಲಿ ತೀರ್ಥಂಕರರ ಕೆತ್ತನೆಗಳಿವೆ.

ಕೃಷ್ಣಾ–ತುಂಗಭದ್ರೆಯ ನಡುವಿನ ರಾಯಚೂರು ದೋಆಬ್‌ಗಾಗಿ ಬಹಮನಿಗಳು ಮತ್ತು ವಿಜಯನಗರದವರು ತಲೆಮಾರುಗಟ್ಟಲೆ ಕಾದಾಡಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಆ ಕಾಳಗದ ಭೂಪಟದಲ್ಲಿ ಹೊಳೆಯ ಉತ್ತರಕ್ಕೆ ಮುದಗಲ್ಲು, ರಾಯಚೂರು ಕೋಟೆಗಳಿದ್ದರೆ ದಕ್ಷಿಣಕ್ಕೆ ಆದೋನಿ. ಉತ್ತರದ ಕೋಟೆಗಳು ಮತ್ತೆ ಮತ್ತೆ ಕೈ ಬದಲಾಯಿಸಿದವು. ಅಂಥ ದಿನಗಳಲ್ಲಿ ಹಿಂದೆ ಸರಿದು ನಿಲ್ಲಲು ವಿಜಯನಗರಕ್ಕೆ ಇದ್ದ ಭದ್ರ ನೆಲೆ ಆದೋನಿ. ಇದನ್ನು ಯಾರೂ ಗೆಲ್ಲಲಾರರೆಂದು ಅರಸರು ತಮ್ಮ ಕುಟುಂಬಗಳಿಗೆ ಆಸರೆಯಾಗಿ ಇಟ್ಟುಕೊಂಡಿದ್ದರೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ.

1565ರ ತಾಳಿಕೋಟೆ ಯುದ್ಧದ ನಂತರ ಆ ನಂಬಿಕೆ ಕುಸಿಯಿತು. ಮೂರು ವರ್ಷಗಳಲ್ಲಿ ಕೋಟೆ ಬಿಜಾಪುರದ ಆದಿಲಶಾಹಿಗಳ ಕೈಸೇರಿತು. ಮುಂದಿನ ನೂರಿಪ್ಪತ್ತು ವರ್ಷ ಆದೋನಿ ಬಿಜಾಪುರದ ದಕ್ಷಿಣದ ಬಾಗಿಲಾಗಿತ್ತು.

ಮಸೀದಿಗಾಗಿ ಬಿಟ್ಟುಕೊಟ್ಟ ಕೋಟೆ

ಆ ಕಾಲದ ದೊಡ್ಡ ಹೆಸರು ಸಿದ್ದಿ ಮಸೂದ್ ಖಾನ್. ಆಫ್ರಿಕಾ ಮೂಲದ ಈ ಸರದಾರ ಬಿಜಾಪುರದ ಬಾಲ ಸುಲ್ತಾನನ ಪರವಾಗಿ ರಾಜ್ಯಭಾರವನ್ನೂ ನಡೆಸಿದ್ದ. 1683ರಲ್ಲಿ ಅದನ್ನು ಬಿಟ್ಟು, ತಾನು ಮೊದಲೇ ಆಳುತ್ತಿದ್ದ ಆದೋನಿಗೆ ಮರಳಿ ಬಂದು ನಿಂತ. ಊರಿನಲ್ಲಿ ಅವನು ಕಟ್ಟಿಸಿದ ಜಾಮಿಯಾ ಮಸೀದಿ ಇಂದಿಗೂ ಇದೆ. ದಖನಿ ವಾಸ್ತುವಿನ ಒಳ್ಳೆಯ ಮಾದರಿ ಅದು. ಕಲ್ಲಿನ ಕಮಾನುಗಳು, ಸೂಕ್ಷ್ಮ ಕೆತ್ತನೆ, ತಂಪಾದ ಒಳಾಂಗಣ. ಬಿಜಾಪುರದ ಕಟ್ಟಡಗಳನ್ನು ನೋಡಿದವರಿಗೆ ಅದೇ ಕೈಚಳಕ ಇಲ್ಲಿ ಕಾಣುತ್ತದೆ.

1688ರಲ್ಲಿ ಔರಂಗಜೇಬನ ಸೇನಾಪತಿ ಫಿರೋಜ್ ಜಂಗ್ ಆದೋನಿಗೆ ಮುತ್ತಿಗೆ ಹಾಕಿದ. ಕೋಟೆ ಮಣಿಯಲಿಲ್ಲ. ಮಸೂದ್ ಖಾನನಿಗೆ ಮಸೀದಿ ಪ್ರಾಣಕ್ಕಿಂತ ಹೆಚ್ಚು ಎಂದು ತಿಳಿದ ಮೊಘಲರು ಫಿರಂಗಿಗಳ ಬಾಯನ್ನು ಅದರತ್ತ ತಿರುಗಿಸಿದರು, ಅದು ಒಡೆಯುವುದನ್ನು ನೋಡಲಾರದೆ ಅವನು ಕೋಟೆ ಬಿಟ್ಟುಕೊಟ್ಟ ಎಂಬ ಮಾತು ಈ ಸೀಮೆಯಲ್ಲಿ ಉಳಿದುಬಂದಿದೆ. ರಾಜ್ಯಕ್ಕಿಂತ ಕಟ್ಟಡವನ್ನು ಹೆಚ್ಚು ಪ್ರೀತಿಸಿದ ಸರದಾರನ ಕತೆ ಎಲ್ಲ ಊರಿಗೂ ಸಿಗುವುದಿಲ್ಲ.

ಮೊಘಲರ ನಂತರ ನಿಜಾಮರು ಬಂದರು. ನಿಜಾಮ್ ಅಲಿಯ ತಮ್ಮ ಬಸಾಲತ್ ಜಂಗ್ ಆದೋನಿಯನ್ನು ಜಹಗೀರಾಗಿ ಪಡೆದು ಇಲ್ಲಿಂದಲೇ ಆಳಿದ. 1782ರಲ್ಲಿ ತೀರಿಕೊಂಡ ಅವನ ಗೋರಿ ಇಲ್ಲಿದೆ. ನಾಲ್ಕು ವರ್ಷಗಳ ನಂತರ, 1786ರಲ್ಲಿ, ಟಿಪ್ಪು ಸುಲ್ತಾನ್ ಮುತ್ತಿಗೆ ಹಾಕಿ ಊರನ್ನು ಗೆದ್ದು, ಶತ್ರುಗಳು ಮತ್ತೆ ಬಳಸದಂತೆ ಕೋಟೆಯ ಗೋಡೆಗಳನ್ನು ಕೆಡವಿಸಿದ. ಇಂದು ಗುಡ್ಡ ಹತ್ತುವಾಗ ಕಾಣುವ ಮುರಿದ ಬುರುಜುಗಳಿಗೆ ಕಾಲದ ಸವೆತ ಮಾತ್ರ ಕಾರಣವಲ್ಲ. ಆ ವರ್ಷದ ಅಪ್ಪಣೆಯೂ ಕಾರಣ.

ಕಡಲಿಲ್ಲದ ಸೀಮೆಯ ದಂಡೆ

ಈ ನಾಡಿಗೆ ಸಮುದ್ರವಿಲ್ಲ. ದಂಡೆ ಎಂದರೆ ಇಲ್ಲಿ ತುಂಗಭದ್ರೆಯ ದಂಡೆ. ಹೊಸಪೇಟೆಯ ಅಣೆಕಟ್ಟು ದಾಟಿದ ಹೊಳೆ ಹಂಪಿ, ಕಂಪ್ಲಿ, ಸಿರುಗುಪ್ಪದ ಬದಿ ಹರಿದು ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ಅಂಚನ್ನು ಸವರಿಕೊಂಡು ಕರ್ನೂಲಿನತ್ತ ಸಾಗುತ್ತದೆ. ಮಂತ್ರಾಲಯದಲ್ಲಿ ನಿಂತರೆ ಎದುರು ದಂಡೆ ಕರ್ನಾಟಕದ ರಾಯಚೂರು ಜಿಲ್ಲೆ. ಇನ್ನೂ ಕೆಳಗೆ, ನಂದವರಂ ಮಂಡಲದ ನಾಗಲದಿನ್ನೆಯಲ್ಲಿ ನಿಂತರೆ ಎದುರು ದಂಡೆ ತೆಲಂಗಾಣ. ಒಂದೇ ಹೊಳೆ ಕೆಲವೇ ಹರದಾರಿಗಳಲ್ಲಿ ಮೂರು ರಾಜ್ಯಗಳಿಗೆ ನೀರು ಕೊಡುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಚೌಡೇಶ್ವರಿ ದೇವಿಯ ಗುಡಿಗೆ ಹೆಸರಾದ ನಂದವರಂ ಬೇರೆ. ಅದು ಬನಗಾನಪಲ್ಲೆಯ ಬಳಿ, ಈಗಿನ ನಂದ್ಯಾಲ ಜಿಲ್ಲೆಯಲ್ಲಿದೆ. ನಾವು ಹೇಳುತ್ತಿರುವುದು ಎಮ್ಮಿಗನೂರಿನ ಸಮೀಪದ, ತುಂಗಭದ್ರೆ ಬದಿಯ ನಂದವರಂ. ಗುಡಿಯ ಗದ್ದಲವಿಲ್ಲದೆ ಹೊಳೆಯನ್ನು ಹೊಳೆಯಾಗಿ ನೋಡಬೇಕೆನ್ನುವವರು ಬರಬೇಕಾದ ಕಡೆ ಇದು. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ಸಣ್ಣ ಧಾರೆಗಳಾಗಿ ಒಡೆಯುತ್ತದೆ. ಮುಂಗಾರಿನಲ್ಲಿ ಅಣೆಕಟ್ಟಿನ ಬಾಗಿಲು ತೆರೆದರೆ ಕೆಂಪು ನೀರು ದಂಡೆಯಿಂದ ದಂಡೆಗೆ ತುಂಬುತ್ತದೆ. ನದಿ ನೀರು ಎತ್ತಲು ಸಿಕ್ಕ ಕಡೆ ಭತ್ತದ ಹಸಿರು, ಅದರಾಚೆಗೆ ಮಳೆ ಕಾಯುವ ಕಪ್ಪು ಹೊಲ. ಈ ಎರಡರ ಗಡಿಗೆರೆ ದಂಡೆಯ ಏರಿಯ ಮೇಲೆ ನಿಂತವರಿಗೆ ನೇರವಾಗಿ ಕಾಣುತ್ತದೆ.

ಹೊಳೆಯ ಇನ್ನೊಂದು ಮುಖ 2009ರಲ್ಲಿ ಕಂಡಿತು. ಆ ವರ್ಷ ಅಕ್ಟೋಬರ್ ಮೊದಲ ವಾರ ಕೃಷ್ಣಾ ಮತ್ತು ತುಂಗಭದ್ರೆ ಒಟ್ಟಿಗೇ ಉಕ್ಕಿದವು. ಮಂತ್ರಾಲಯದ ಬೀದಿಗಳು ಮುಳುಗಿದವು, ಮಠದೊಳಗೆ ನೀರು ನುಗ್ಗಿತು, ಕರ್ನೂಲು ನಗರವೇ ಜಲಾವೃತವಾಯಿತು. ದಂಡೆಯ ಹಳ್ಳಿಗಳು ಮನೆ, ದನ, ಧಾನ್ಯ ಕಳೆದುಕೊಂಡವು. ಹೊಳೆಯ ಮೇಲಿನ ಭಕ್ತಿಯಲ್ಲಿ ಅದರ ಭಯವೂ ಸೇರಿದೆ ಎಂಬುದು ಇಲ್ಲಿನ ಹಿರಿಯರೊಡನೆ ಹತ್ತು ನಿಮಿಷ ಕೂತರೆ ತಿಳಿಯುತ್ತದೆ.

ಮಂತ್ರಾಲಯದ ಹಳೆಯ ಹೆಸರು ಮಂಚಾಲೆ. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಇಲ್ಲಿ ಬೃಂದಾವನಸ್ಥರಾದರು. ಈ ಗ್ರಾಮವನ್ನು ಅವರಿಗೆ ಕೊಟ್ಟವನು ಆದೋನಿಯ ನವಾಬ ಸಿದ್ದಿ ಮಸೂದ್ ಖಾನ್, ಅದಕ್ಕೆ ಕಾರಣನಾದವನು ದಿವಾನ ವೆಂಕಣ್ಣ ಎಂದು ಮಠದ ಪರಂಪರೆ ಹೇಳುತ್ತದೆ. ಓದುಬರಹ ಬಾರದ ಹುಡುಗನಾಗಿದ್ದ ವೆಂಕಣ್ಣ ರಾಯರ ಕೃಪೆಯಿಂದ ನವಾಬನ ದಿವಾನನಾದ ಕತೆಯನ್ನು ಪ್ರತಿ ಭಕ್ತನೂ ಬಲ್ಲ. ಆದರೆ ಆ ನವಾಬನ ಊರು ಅಲ್ಲೇ ಸಮೀಪದಲ್ಲಿದೆ, ಅವನ ಮಸೀದಿ ಇನ್ನೂ ನಿಂತಿದೆ ಎಂಬುದು ಬಹಳ ಮಂದಿಗೆ ಹೊಳೆದೇ ಇಲ್ಲ. ಆದೋನಿಯನ್ನು ನೋಡದವರಿಗೆ ಮಂತ್ರಾಲಯದ ಕತೆಯಲ್ಲಿ ಅರ್ಧ ಮಾತ್ರ ದಕ್ಕಿದೆ.

ಎರೆ, ಮಸಾರಿ ಮತ್ತು ಹತ್ತಿ

ಈ ಸೀಮೆಯಲ್ಲಿ ನೆಲವನ್ನು ಎರಡಾಗಿ ಹೇಳುತ್ತಾರೆ. ಗುಡ್ಡದ ಬುಡದ ಕೆಂಪು ನೆಲ ಮಸಾರಿ. ಬಯಲಿನ ಕಪ್ಪು ನೆಲ ಎರೆ. ಮಸಾರಿಯಲ್ಲಿ ಶೇಂಗಾ, ಎರೆಯಲ್ಲಿ ಹತ್ತಿ, ಜೋಳ, ಕಡಲೆ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೀರಿಕೊಂಡ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವುದರಿಂದ ಮಳೆ ನಿಂತ ಮೇಲೂ ಹಿಂಗಾರಿ ಪೈರು ನಿಲ್ಲುತ್ತದೆ. ನವೆಂಬರ್ ಹೊತ್ತಿಗೆ ಇಲ್ಲಿಗೆ ಬಂದರೆ ಕಪ್ಪು ಹೊಲದಲ್ಲಿ ಬಿಳಿ ಹತ್ತಿ ಒಡೆದು ನಿಂತಿರುತ್ತದೆ. ಹೆಂಗಸರು ಸೀರೆಯ ಮಡಿಲು ಕಟ್ಟಿ ಬಿಡಿಸುತ್ತಿರುತ್ತಾರೆ.

ಆ ಹತ್ತಿ ಬಂದು ಸೇರುವುದು ಆದೋನಿಯ ಮಾರುಕಟ್ಟೆಗೆ. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಇದೊಂದು. ಕರ್ನಾಟಕದ ಗಡಿ ಹಳ್ಳಿಗಳ ರೈತರೂ ಇಲ್ಲಿಗೆ ಮಾಲು ತರುತ್ತಾರೆ. ಹಂಗಾಮಿನಲ್ಲಿ ಅಂಗಳದ ತುಂಬ ಹತ್ತಿಯ ರಾಶಿ, ಕನ್ನಡ-ತೆಲುಗು-ಉರ್ದು ಬೆರೆತ ಹರಾಜಿನ ಕೂಗು, ಸುತ್ತ ಜಿನ್ನಿಂಗ್ ಕಾರ್ಖಾನೆಗಳ ಸದ್ದು. 1871ರಲ್ಲಿ ಮದ್ರಾಸಿನ ರೈಲುಹಾದಿ ರಾಯಚೂರಿನಲ್ಲಿ ಮುಂಬಯಿಯ ಹಾದಿಯನ್ನು ಕೂಡಿಕೊಂಡಿತು. ಆ ಹಾದಿಯ ಮೇಲೇ ಇದ್ದ ಆದೋನಿಯ ಹತ್ತಿಗೆ ಎರಡು ದೊಡ್ಡ ಬಂದರುಗಳ ಬಾಗಿಲು ತೆರೆಯಿತು. ಕೋಟೆ ಬಿದ್ದ ಊರು ವ್ಯಾಪಾರದಿಂದ ಮತ್ತೆ ಎದ್ದು ನಿಂತದ್ದು ಹೀಗೆ.

ಹತ್ತಿಯ ಮುಂದಿನ ಕತೆ ಎಮ್ಮಿಗನೂರಿನಲ್ಲಿದೆ. ನೇಕಾರರು ಸಾಲದಲ್ಲಿ ಮುಳುಗಿದ್ದ ಕಾಲದಲ್ಲಿ ಮಾಚಾನಿ ಸೋಮಪ್ಪನವರು ಅವರನ್ನು ಒಟ್ಟುಗೂಡಿಸಿ 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ನೂಲು ಕೊಡುವುದು, ಬಟ್ಟೆ ಕೊಳ್ಳುವುದು, ಮಾರುವುದು ಎಲ್ಲವನ್ನೂ ಸಂಘವೇ ವಹಿಸಿಕೊಂಡಿತು. ಎಮ್ಮಿಗನೂರಿನ ಕೈಮಗ್ಗದ ಬಟ್ಟೆ ದೇಶದಲ್ಲಿ ಹೆಸರು ಮಾಡಿತು. 1954ರಲ್ಲಿ ಸೋಮಪ್ಪನವರಿಗೆ ಪದ್ಮಶ್ರೀ ಬಂತು. ಇಲ್ಲಿನ ಕುರುಹಿನಶೆಟ್ಟಿ ನೇಕಾರರ ಮನೆಗಳಲ್ಲಿ ಕನ್ನಡ ಇನ್ನೂ ಆಡುಮಾತು. ಜನವರಿ ಸುಮಾರಿಗೆ ನಡೆಯುವ ನೀಲಕಂಠೇಶ್ವರನ ಜಾತ್ರೆಗೆ ಗಡಿಯ ಎರಡೂ ಕಡೆಯಿಂದ ಜನ, ಎತ್ತುಗಳು ಬಂದು ಸೇರುತ್ತವೆ.

ಹಳ್ಳಿಗಾಡಿನ ಜಾತ್ರೆಗಳೇ ಇಲ್ಲಿ ಒಂದು ಪ್ರವಾಸ. ಶ್ರಾವಣದಲ್ಲಿ ಕೌತಾಳಂ ಮಂಡಲದ ಉರುಕುಂದ ಈರಣ್ಣನ ಗುಡಿಗೆ ರಾಯಚೂರು, ಬಳ್ಳಾರಿ ಕಡೆಯ ಜನ ಬಂಡಿ ಕಟ್ಟಿ, ಲಾರಿ ಏರಿ, ಕಾಲ್ನಡಿಗೆಯಲ್ಲಿ ಬರುತ್ತಾರೆ. ದಸರೆಯ ರಾತ್ರಿ ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಮಾಳಮಲ್ಲೇಶ್ವರನ ಬನ್ನಿ ಉತ್ಸವ. ಉತ್ಸವಮೂರ್ತಿಗಾಗಿ ಹಳ್ಳಿಗಳ ನಡುವೆ ನಡೆಯುವ ಬಡಿಗೆ ಕಾಳಗದಲ್ಲಿ ಪ್ರತಿವರ್ಷ ಜನ ಗಾಯಗೊಳ್ಳುತ್ತಾರೆ. ಅದು ದೂರದಿಂದ ಅರಿಯಬೇಕಾದ ಆಚರಣೆ; ಮಕ್ಕಳೊಂದಿಗೆ ನುಗ್ಗುವ ಜಾಗವಲ್ಲ.

ಪತ್ತಿಕೊಂಡದ ಬಾವಿ, ಎರ್ರಗುಡಿಯ ಬಂಡೆ

ಸ್ಕಾಟ್ಲೆಂಡಿಗೂ ಈ ನೆಲಕ್ಕೂ ನಿಜವಾದ ನಂಟೊಂದಿದೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರಾದ ಈ ಪ್ರದೇಶಕ್ಕೆ ಮೊದಲ ಪ್ರಧಾನ ಕಲೆಕ್ಟರ್ ಆಗಿ ಬಂದವನು ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಮನ್ರೊ. ಏಳು ವರ್ಷ ಹಳ್ಳಿಯಿಂದ ಹಳ್ಳಿಗೆ ಡೇರೆ ಹೊತ್ತು ತಿರುಗಿ, ಹೊಲ ಹೊಲವನ್ನೂ ಅಳೆಸಿ, ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಅವನು ಇಲ್ಲಿ ಗಟ್ಟಿಗೊಳಿಸಿದ. ಮಂತ್ರಾಲಯದ ಮಾನ್ಯದ ಭೂಮಿಯ ವಿಚಾರಣೆಗೆ ಬಂದಾಗ ರಾಯರು ಬೃಂದಾವನದಿಂದಲೇ ಅವನೊಡನೆ ಮಾತಾಡಿದರು ಎಂಬ ಕತೆ ಭಕ್ತರಲ್ಲಿ ಪ್ರಸಿದ್ಧ.

ಮದ್ರಾಸಿನ ಗವರ್ನರ್ ಆದ ಮೇಲೆ, ತಾಯ್ನಾಡಿಗೆ ಮರಳುವ ಮುನ್ನ ಮನ್ರೊ ಈ ಸೀಮೆಯನ್ನು ಕೊನೆಯ ಸಲ ನೋಡಲು ಬಂದ. ಕಾಲರಾ ತಗುಲಿ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡ. ಅವನ ನೆನಪಿಗೆ ಅಲ್ಲಿ ಕಲ್ಲಿನ ಮೆಟ್ಟಿಲಿನ ಬಾವಿ ಕಟ್ಟಿಸಿ, ಮರಗಳ ತೋಪು ಬೆಳೆಸಿದರು. ಚೆನ್ನೈನ ಮೌಂಟ್ ರೋಡಿನ ಕುದುರೆ ಸವಾರನ ಪ್ರತಿಮೆಯನ್ನು ನೋಡಿದವರು ಬಹಳ ಮಂದಿ; ಆ ಸವಾರ ಸತ್ತ ಊರು ಯಾವುದೆಂದು ಬಲ್ಲವರು ಕಡಿಮೆ. ಅವನ ಕಾಲದವನೇ ಆದ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಕಾಲಿನ್ ಮೆಕೆಂಜಿ ಈ ಸೀಮೆಯ ಹಳ್ಳಿಗಳ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿ ಕೂಡಿಟ್ಟ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನೂ ಅವನೇ.

ಪತ್ತಿಕೊಂಡದಿಂದ ದಕ್ಷಿಣಕ್ಕೆ, ಗುತ್ತಿಯ ದಿಕ್ಕಿನಲ್ಲಿ ಎರ್ರಗುಡಿ ಇದೆ. ಅಲ್ಲಿನ ಬಂಡೆಗಳ ಮೇಲೆ ಅಶೋಕನ ಹಿರಿಯ ಮತ್ತು ಕಿರಿಯ ಶಿಲಾಶಾಸನಗಳೆರಡೂ ಒಂದೇ ಕಡೆ ಸಿಗುತ್ತವೆ. ಕಿರಿಯ ಶಾಸನದ ಕೆಲವು ಸಾಲುಗಳನ್ನು ಎತ್ತು ಹೊಲ ಉಳುವ ಹಾಗೆ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ಕೆತ್ತಲಾಗಿದೆ. ಬ್ರಾಹ್ಮಿ ಲಿಪಿಯಲ್ಲಿ ಇದು ಬಲು ಅಪರೂಪ. ಪಕ್ಕದ ಜೊನ್ನಗಿರಿಯೇ ಮೌರ್ಯರ ದಕ್ಷಿಣದ ಕೇಂದ್ರವಾದ ಸುವರ್ಣಗಿರಿ ಇರಬೇಕೆಂದು ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಇದೇ ಜೊನ್ನಗಿರಿ, ತುಗ್ಗಲಿ ಸುತ್ತಿನ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಮಣ್ಣು ತೊಳೆದ ಕೂಡಲೇ ಜನ ನೆಲ ನೋಡುತ್ತ ನಡೆಯುತ್ತಾರೆ. ಅವರು ಹುಡುಕುವುದು ವಜ್ರ; ಕೆಲವರಿಗೆ ಸಿಕ್ಕಿದ್ದೂ ಉಂಟು.

ಗಡಿ ಸರಿದರೂ ಉಳಿದ ನುಡಿ

1953ರವರೆಗೆ ಆದೋನಿ, ಆಲೂರು, ರಾಯದುರ್ಗ ಮೂರೂ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ತಾಲೂಕುಗಳು ಅದಕ್ಕೆ ಸೇರಿದವು. ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಬಂತು. ಒಂದೇ ಕಚೇರಿಗೆ ಅರ್ಜಿ ಹಿಡಿದು ಹೋಗುತ್ತಿದ್ದ ಅಣ್ಣತಮ್ಮಂದಿರು ಎರಡು ರಾಜ್ಯಗಳವರಾದರು. ಮದುವೆ ಸಂಬಂಧ, ಸಂತೆ, ಜಾತ್ರೆ ಮಾತ್ರ ಗಡಿಯನ್ನು ಒಪ್ಪಿಕೊಳ್ಳಲಿಲ್ಲ. ಹೊಳಗುಂದ, ಕೌತಾಳಂ, ಹಾಲಹರ್ವಿ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವಿದೆ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹಿಂದಿನ ಆಲೂರು ತಾಲೂಕಿನ ಚಿಪ್ಪಗಿರಿಯಲ್ಲಿ ವಿಜಯದಾಸರು ಬಾಳಿನ ಕೊನೆಯ ವರ್ಷಗಳನ್ನು ಕಳೆದು 1755ರಲ್ಲಿ ದೇಹ ಬಿಟ್ಟರು. ದಾಸಸಾಹಿತ್ಯವನ್ನು ಪ್ರೀತಿಸುವವರಿಗೆ ಅದು ತವರಿನ ಊರು.

ಇಲ್ಲಿಗೆ ಹೋದ ಕನ್ನಡಿಗನಿಗೆ ಪರರಾಜ್ಯಕ್ಕೆ ಬಂದ ಭಾವ ಬರುವುದಿಲ್ಲ. ಹೋಟೆಲಿನಲ್ಲಿ ಬೆಳಿಗ್ಗೆ ಉಗ್ಗಾಣಿ-ಬಜ್ಜಿ, ಮನೆಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬಳ್ಳಾರಿಯ ಊಟವೇ ಇಲ್ಲಿನ ಊಟ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುವ ಸಾಧ್ಯತೆ ಹೆಚ್ಚು. ಬಾರದಿದ್ದರೆ ತೆಲುಗು ಬೆರೆತ ಮಾತು ಕೆಲಸ ಮಾಡುತ್ತದೆ.

ಎರಡು ದಿನದ ದಾರಿ

ಹೋಗಲು ತಕ್ಕ ಕಾಲ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಗಳು ಕಾದು ಗುಡ್ಡ ಹತ್ತುವುದು ಅಪಾಯಕರ.

ಮೊದಲ ದಿನ ಆದೋನಿಯಲ್ಲಿ ಇಳಿಯಿರಿ. ಸೂರ್ಯ ಏರುವ ಮೊದಲೇ ಕೋಟೆ ಗುಡ್ಡ ಹತ್ತಬೇಕು. ಗಟ್ಟಿ ಚಪ್ಪಲಿ, ಕುಡಿಯುವ ನೀರು, ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಲಿ. ಮುಳ್ಳುಪೊದೆಗಳ ನಡುವೆ ದಾರಿ ತಪ್ಪುವುದು ಸುಲಭ. ರಣಮಂಡಲ ಆಂಜನೇಯನ ಗುಡಿಯನ್ನೂ ನೋಡಿ. ಇಳಿದ ಮೇಲೆ ಜಾಮಿಯಾ ಮಸೀದಿ. ಪ್ರಾರ್ಥನೆಯ ಹೊತ್ತು ಬಿಟ್ಟು, ಅನುಮತಿ ಕೇಳಿ ಒಳಗೆ ಹೋಗಿ. ಅವಧೂತೆ ಲಕ್ಷ್ಮಮ್ಮ ಅವ್ವನ ಗುಡಿಯೂ ಊರಿನಲ್ಲೇ ಇದೆ. ಹತ್ತಿ ಹಂಗಾಮಾಗಿದ್ದರೆ ಮಾರುಕಟ್ಟೆಯನ್ನು ತಪ್ಪಿಸಬೇಡಿ. ಮಧ್ಯಾಹ್ನದ ಮೇಲೆ ಎಮ್ಮಿಗನೂರಿನಲ್ಲಿ ಮಗ್ಗದ ಕೆಲಸ ನೋಡಿ, ಕೈಮಗ್ಗದ ಒಂದು ಬಟ್ಟೆ ಕೊಂಡು, ರಾತ್ರಿಗೆ ಮಂತ್ರಾಲಯ ಸೇರಬಹುದು.

ಎರಡನೆಯ ದಿನ ಬೆಳಿಗ್ಗೆ ಹೊಳೆ, ರಾಯರ ದರ್ಶನ. ಸಮಯವಿದ್ದರೆ ಎದುರು ದಂಡೆಯ ಬಿಚ್ಚಾಲಿ, ರಾಯರ ಶಿಷ್ಯ ಅಪ್ಪಣ್ಣಾಚಾರ್ಯರ ಊರು. ಅಲ್ಲಿಂದ ಹಿಂದಿರುಗಿ ನಂದವರಂ, ನಾಗಲದಿನ್ನೆಯ ಹೊಳೆದಂಡೆ. ಇತಿಹಾಸದಲ್ಲಿ ಹೆಚ್ಚು ಆಸಕ್ತಿ ಇರುವವರು ಇನ್ನೊಂದು ದಿನ ಎತ್ತಿಟ್ಟುಕೊಂಡು ಪತ್ತಿಕೊಂಡ, ಎರ್ರಗುಡಿಯ ಕಡೆಗೆ ಇಳಿಯಬಹುದು. ಹೊಳೆಯಲ್ಲಿ ಇಳಿಯುವಾಗ ಎಚ್ಚರ: ಬಂಡೆಗಳ ನಡುವಿನ ಮಡುಗಳು ಆಳ, ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಬೇಗ ಏರುತ್ತದೆ.

ಗುಳೆಯ ಸೀಮೆಗೆ ಬೇಕಾದದ್ದು

ಇಷ್ಟೆಲ್ಲ ಇರುವ ಈ ಸೀಮೆಯ ಇನ್ನೊಂದು ಗುರುತು ಗುಳೆ. ಕೋಸಿಗಿ, ಕೌತಾಳಂ, ಮಂತ್ರಾಲಯ, ಹೊಳಗುಂದ ಕಡೆಯ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗಂಟು ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ತುಂಗಭದ್ರಾ ಕೆಳಮಟ್ಟದ ಕಾಲುವೆ ಆದೋನಿ, ಎಮ್ಮಿಗನೂರು ಕಡೆಗೆ ನೀರು ತಂದರೂ ಕೊನೆಯ ಭಾಗದ ಹೊಲಗಳಿಗೆ ಅದು ಎಂದೂ ಸಾಲದು. ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ಪ್ರತಿವಾರ ಯಾತ್ರಿಕರ ಬಸ್ಸುಗಳು ಹಾದುಹೋಗುವ ಹಳ್ಳಿಗಳಿಂದಲೇ ಜನ ಕೂಲಿ ಹುಡುಕಿ ದೂರ ಹೋಗುವುದು ನೋವಿನ ಮಾತು.

ಪ್ರವಾಸ ಒಂದರಿಂದಲೇ ಗುಳೆ ನಿಲ್ಲುವುದಿಲ್ಲ. ಅದಕ್ಕೆ ನೀರು ಬೇಕು, ಬೆಳೆಗೆ ಬೆಲೆ ಬೇಕು. ಆದರೆ ಯಾತ್ರಿಕರ ಹಣ ಒಂದೇ ಊರಿನಲ್ಲಿ ಉಳಿಯದೆ ಸೀಮೆಗೆಲ್ಲ ಹರಡಿದರೆ ಕೆಲವು ನೂರು ಮನೆಗಳಾದರೂ ಊರಿನಲ್ಲೇ ಉಳಿಯುತ್ತವೆ. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಕೋಟೆ ಗುಡ್ಡಕ್ಕೆ ಮುಳ್ಳು ಕಡಿದ ಕಾಲುದಾರಿ. ಮೇಲಿನ ಕೆರೆಗೆ ಕಾವಲು. ತೆಲುಗು, ಕನ್ನಡ ಎರಡೂ ಭಾಷೆಗಳಲ್ಲಿ ಫಲಕ. ಆದೋನಿಯ ಕಾಲೇಜು ಹುಡುಗ-ಹುಡುಗಿಯರಿಗೆ ಮಾರ್ಗದರ್ಶಕರ ತರಬೇತಿ. ಎಮ್ಮಿಗನೂರಿನ ಬಟ್ಟೆಗೆ ಮಂತ್ರಾಲಯದಲ್ಲಿ ಒಂದು ಮಳಿಗೆ. ನಂದವರಂ ಕಡೆಯ ದಂಡೆಯ ಹಳ್ಳಿಗಳಲ್ಲಿ ಊಟ, ವಸತಿ ಕೊಡುವ ಮನೆಗಳು. ಸ್ಕಾಟ್ಲೆಂಡಿನಲ್ಲಿ ನಡೆದದ್ದು ಇಂಥ ಸಣ್ಣ ಕೆಲಸಗಳ ಜೋಡಣೆಯೇ.

ಕರ್ನಾಟಕಕ್ಕೂ ಇದರಲ್ಲಿ ಪಾಲಿದೆ. ಮಂತ್ರಾಲಯಕ್ಕೆ ಪ್ರವಾಸದ ಬಸ್ಸು ಓಡಿಸುವವರು ಆದೋನಿಗೆ ಅರ್ಧ ದಿನ ಸೇರಿಸಬಹುದು. ಬಳ್ಳಾರಿ, ರಾಯಚೂರಿನ ಶಾಲೆಗಳು ಹಂಪಿ ಪ್ರವಾಸದ ಜೊತೆಗೆ ಈ ಕೋಟೆಯನ್ನೂ ಮಕ್ಕಳಿಗೆ ತೋರಿಸಬಹುದು. ವಿಜಯನಗರದ ಕತೆ ಹಂಪಿಯಲ್ಲಿ ಅರಳಿದರೆ ಅದರ ಕಾವಲಿನ ಕತೆ ಇಲ್ಲಿದೆ. ಅತ್ತ ಗಡಿನಾಡಿನ ಕನ್ನಡ ಶಾಲೆಗಳ ಮಕ್ಕಳಿಗೂ ತಮ್ಮ ನುಡಿಯನ್ನು ಕೇಳಿಕೊಂಡು ಬರುವ ಅತಿಥಿಗಳು ಸಿಗುತ್ತಾರೆ. ನುಡಿ ಉಳಿಯುವುದಕ್ಕೆ ಸಭೆಗಳಷ್ಟೇ ಸಾಲವು. ಆ ನುಡಿಯಿಂದ ಅನ್ನವೂ ಹುಟ್ಟಬೇಕು.

ಆದ್ದರಿಂದ ಮುಂದಿನ ಸಲ ಮಂತ್ರಾಲಯಕ್ಕೆ ಟಿಕೆಟ್ ಮಾಡಿಸುವಾಗ ಇಳಿಯುವ ನಿಲ್ದಾಣ ಆದೋನಿ ಎಂದು ಬರೆಸಿ, ಹಿಂದಿರುಗುವ ದಿನವನ್ನು ಒಂದು ದಿನ ಮುಂದಕ್ಕೆ ಹಾಕಿ. ಯಾತ್ರೆಗೆ ಹೊರಟವರು ಆ ಒಂದು ದಿನವನ್ನು ಕೊಟ್ಟರೆ ಸರ್ಕಾರಗಳ ಫಲಕ ಬರುವ ಮೊದಲೇ ಈ ನಾಡಿನ ದಾರಿ ತೆರೆದುಕೊಳ್ಳುತ್ತದೆ.